ಯಾರ ಮಣಿಕಟ್ಟು?

ನನ್ನ ತಮ್ಮನನ್ನು ಪೊಲೀಸರು ಹಿಡಿದದ್ದು ಹಾಡಹಗಲಲ್ಲಿ, ಬಸ್ ಸ್ಟಾಪಿನಲ್ಲಿ, ಅವನು ಆಕಳಿಸುತ್ತ ನಿಂತಿದ್ದಾಗ. ಆಕಳಿಸುವಾಗ ಕೈ ಮೇಲೆತ್ತಿದನಂತೆ, ಅಂಗಿ ಮೇಲೆ ಸರಿಯಿತಂತೆ, ಜೇಬಿನ ಅಂಚಿಗೆ ಸಿಕ್ಕಿಸಿದ್ದ ಚಾಕುವಿನ ಕ್ಲಿಪ್ಪು ಪೇದೆಯ ಕಣ್ಣಿಗೆ ಬಿತ್ತಂತೆ. ಹಿಂದಿನ ವಾರ ಅದೇ ರಸ್ತೆಯಲ್ಲಿ ಯಾರೋ ಯಾರಿಗೋ ಇರಿದಿದ್ದರು. ಹಾಗಾಗಿ ಆ ವಾರವೆಲ್ಲ ಪೇದೆಗಳಿಗೆ ಜನರ ಮುಖ ಬಿಟ್ಟು ಜೇಬು ನೋಡುವ ಕೆಲಸ.

"ಏನಯ್ಯಾ ಅದು, ತೆಗಿ" ಅಂದನಂತೆ ಪೇದೆ. ತಮ್ಮ ತೆಗೆದು, ಮಡಚಿದ್ದ ಚಾಕುವನ್ನು ಅಂಗೈ ಮೇಲಿಟ್ಟು ಕೊಟ್ಟ. ಪೇದೆ ಅದನ್ನು ಹಿಡಿದು ಮಣಿಕಟ್ಟನ್ನು ಒಮ್ಮೆ ಬೀಸಿದ. ಅಲಗು ಟಕ್ಕೆಂದು ತೆರೆದು ನಿಂತಿತು. ಆ ಒಂದು ಟಕ್ಕಿಗೆ ನನ್ನ ತಮ್ಮ ಆರೋಪಿಯಾದ.

ನಮ್ಮದು ಸೋಫಾ, ಕುರ್ಚಿ, ಬಸ್ಸಿನ ಸೀಟುಗಳಿಗೆ ಕುಶನ್ ಹಾಕುವ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನನ್ನ ಉಸ್ತುವಾರಿ. ನನಗೆ ಐವತ್ತೆರಡು, ತಮ್ಮನಿಗೆ ನಲವತ್ತೊಂದು. ತಮ್ಮನನ್ನು ಎಲ್ಲರೂ ಸೂಜಿ ಅಂತಲೇ ಕರೆಯುವುದು. ಮೈಯಲ್ಲಿ ಮಾಂಸವಿಲ್ಲ, ಬಾಯಲ್ಲಿ ಮಾತಿಲ್ಲ, ಎಲ್ಲಿ ತೂರಿಸಿದರೂ ತೂರಿಕೊಂಡು ಕೆಲಸ ಮುಗಿಸಿ ಆಚೆ ಬರುತ್ತಾನೆ. ಅವನ ಪಾಲಿನ ಮಾತನ್ನೂ ನಾನೇ ಆಡುತ್ತೇನೆ ಎಂದು ಅವನ ಹೆಂಡತಿ ಛೇಡಿಸುವುದುಂಟು. ನಿಜವೇ. ನನಗೆ ಕೋಪ ಮೂಗಿನ ತುದಿಯಲ್ಲಿ, ನಾಲಿಗೆ ಅದಕ್ಕಿಂತ ಮುಂದೆ.

ಚಾಕುವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರೆಕ್ಸಿನ್ನನ್ನು ಕುರ್ಚಿಯ ಚೌಕಟ್ಟಿಗೆ ಬಿಗಿಯುವಾಗ ಎಡಗೈ ಅದನ್ನು ಎಳೆದು ಹಿಡಿದಿರಬೇಕು. ಎಡಗೈ ಬಿಟ್ಟರೆ ಎಲ್ಲ ಸಡಿಲ, ಮತ್ತೆ ಮೊದಲಿನಿಂದ. ಆದ್ದರಿಂದ ಚಾಕು ತೆಗೆಯುವುದು, ತೆರೆಯುವುದು, ಅಂಚು ಕತ್ತರಿಸುವುದು, ತೊಡೆಗೆ ಒತ್ತಿ ಮಡಚುವುದು ಎಲ್ಲವೂ ಬಲಗೈ ಒಂದರ ಕೆಲಸ. ತೆರೆದೇ ಇಟ್ಟುಕೊಂಡರೆ ಏನಂತೆ ಎಂದು ಕೇಳಬಹುದು. ಅಪ್ಪನ ಕಾಲದಲ್ಲಿ ಒಬ್ಬ ಕೆಲಸಗಾರ ತೆರೆದ ಚಾಕುವನ್ನು ಫೋಮಿನ ಮೇಲಿಟ್ಟು ಮರೆತು, ಅದರ ಮೇಲೇ ಬಟ್ಟೆ ಬಿಗಿದು, ಸೋಫಾವನ್ನು ಗಿರಾಕಿಯ ಮನೆಗೆ ಕಳಿಸಿದ್ದ. ಗಿರಾಕಿ ಭಾರೀ ಆಳು. ಕೂತ ರಭಸಕ್ಕೆ ಆಸ್ಪತ್ರೆ ಸೇರಿದ. ಅಂದಿನಿಂದ ನಮ್ಮಲ್ಲಿ ತೆರೆದ ಚಾಕು ಎಲ್ಲಿಯೂ ಕೂರುವಂತಿಲ್ಲ. ಕತ್ತರಿಸು, ಮಡಚು. ಮತ್ತೆ ಬೇಕಾದರೆ ಮತ್ತೆ ತೆರೆ. ದಿನಕ್ಕೆ ಇನ್ನೂರು ಸಲವಾದರೂ ಸರಿ.

ಅಂಗಡಿಯಿಂದ ತಂದ ಹೊಸ ಚಾಕು ಹೀಗೆಲ್ಲ ಒಂದು ಕೈಗೆ ಬಗ್ಗುವುದಿಲ್ಲ. ಅದರ ಬುಡದ ಸ್ಕ್ರೂವನ್ನು ಕಾಲು ಸುತ್ತು ಸಡಿಲ ಮಾಡಬೇಕು, ಒಂದು ಹನಿ ಎಣ್ಣೆ ಬಿಡಬೇಕು. ಪ್ರತಿ ಶನಿವಾರ ಎಲ್ಲರ ಚಾಕುಗಳನ್ನೂ ಸಾಲಾಗಿ ಇಟ್ಟುಕೊಂಡು ಈ ಕೆಲಸ ಮಾಡುವವಳು ನಾನು. ಯಾರ ಚಾಕು ಯಾರದೆಂದು ಗೊತ್ತಾಗಲು ಅಲಗಿನ ಬುಡದಲ್ಲಿ ಚುಕ್ಕೆ ಹೊಡೆದು ಕೊಡುವವಳೂ ನಾನೇ. ಪೇದೆಯ ಕೈಯಲ್ಲಿ ಒಂದೇ ಬೀಸಿಗೆ ತೆರೆದ ಆ ಚಾಕುವನ್ನು ಅಷ್ಟು ಸಲೀಸು ಮಾಡಿದ್ದು ತಮ್ಮನಲ್ಲ. ಈ ಮಹಾತಾಯಿ.

ಹಿಡಿದದ್ದೇನೋ ಹಿಡಿದರು, ಹಿಡಿದ ಕಾಲವೇ ಕೆಟ್ಟದ್ದು. ರೈಲು ಬೋಗಿ ಕಾರ್ಖಾನೆಯಲ್ಲಿ ಸೀಟು ಹೊಲಿಯುವ ಖಾಯಂ ಕೆಲಸಕ್ಕೆ ತಮ್ಮ ನಾಲ್ಕು ಸಲ ಅರ್ಜಿ ಹಾಕಿ, ನಾಲ್ಕನೆಯ ಸಲ ಆಯ್ಕೆಯಾಗಿದ್ದ. ಪತ್ರ ಮನೆಗೆ ಬಂದಿತ್ತು. ನಲವತ್ತೆರಡು ದಾಟಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಐದನೆಯ ಸಲ ಎಂಬುದಿರಲಿಲ್ಲ. ಪತ್ರದ ಕೊನೆಯಲ್ಲಿ ಒಂದು ಸಾಲು: ಅಭ್ಯರ್ಥಿಯ ಮೇಲೆ ಯಾವುದೇ ಅಪರಾಧ ಸಾಬೀತಾಗಿರಬಾರದು. ವಿಚಾರಣೆ ನಡೆಯುತ್ತಿದೆ ಎಂದು ನಾವು ತಿಳಿಸಿದ್ದಕ್ಕೆ, ವಿಚಾರಣೆಯ ತಿಂಗಳು ಮುಗಿಯುವವರೆಗೆ ಜಾಗ ಹಿಡಿದಿಡುತ್ತೇವೆ, ಆಮೇಲೆ ಇಲ್ಲ ಎಂದಿದ್ದರು. ತಮ್ಮನ ಹೆಂಡತಿ ಆಗಲೇ ಕಾರ್ಖಾನೆಯ ವಸತಿಗಳ ಹತ್ತಿರ ಹೋಗಿ, ಹೊರಗಿನಿಂದಲೇ ಕಿಟಕಿಗಳ ಅಗಲ ಅಂದಾಜು ಮಾಡಿಕೊಂಡು ಬಂದಿದ್ದಳು. ಹದಿನೈದು ವರ್ಷ ಒಂದೂವರೆ ಕೋಣೆಯಲ್ಲಿ ಸಂಸಾರ ಮಾಡಿದವಳು. ಪರದೆಗೆ ಬಟ್ಟೆ ಎಷ್ಟು ಬೇಕು ಅಕ್ಕ ಎಂದು ನನ್ನನ್ನು ಕೇಳಿದ್ದಳು.

ನಮ್ಮ ವಕೀಲರು ಮೆತ್ತಗೆ ಮಾತಾಡುವ ಮನುಷ್ಯ. ಅವರ ಕಚೇರಿಯ ಕುರ್ಚಿಗಳಿಗೆ ನಾವೇ ಕುಶನ್ ಹಾಕಿದ್ದು, ಅದೇ ಪರಿಚಯ. ಮೊದಲ ದಿನ ಕಾನೂನಿನ ಪುಸ್ತಕ ತೆಗೆದು ಆ ಕಲಮನ್ನು ಓದಿ ಹೇಳಿದರು. ಮೂರು ಅಂಗುಲ ಮೀರದ ಅಲಗಿನ ಮಡಚುವ ಚಾಕುವನ್ನು ಯಾರು ಬೇಕಾದರೂ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ತಮ್ಮನ ಚಾಕು ಎರಡೂವರೆ ಅಂಗುಲ. ನನಗೆ ಜೀವ ಬಂದಂತಾಯಿತು. ಅವರು ಪುಟ ಮಗುಚಿದರು. ಆದರೆ ಮಣಿಕಟ್ಟಿನ ಬೀಸಿನಿಂದ ಸುಲಭವಾಗಿ ತೆರೆದುಕೊಳ್ಳುವ ಚಾಕುವನ್ನು, ಅಲಗು ಎಷ್ಟೇ ಉದ್ದವಿರಲಿ, ಕಾರಣ ಏನೇ ಇರಲಿ, ಸಾರ್ವಜನಿಕ ಸ್ಥಳದಲ್ಲಿ ಒಯ್ಯುವಂತಿಲ್ಲ.

"ಯಾರ ಮಣಿಕಟ್ಟು?" ಎಂದು ಕೇಳಿದೆ.

ವಕೀಲರು ಕನ್ನಡಕ ತೆಗೆದರು. "ಅದನ್ನೇ ಹೇಳಿಲ್ಲಮ್ಮ. ಪೈಲ್ವಾನಂದಾ, ಮುದುಕಂದಾ, ಹೇಳಿಲ್ಲ. ಒಂದೇ ಸಲಕ್ಕೆ ತೆರೀಬೇಕಾ, ಹತ್ತು ಸಲ ಬೀಸಿದ ಮೇಲೆ ತೆರೆದ್ರೂ ಸುಲಭ ಅನ್ನಬೇಕಾ, ಅದೂ ಇಲ್ಲ. ಒಂದು ಕೋರ್ಟಲ್ಲಿ ಒಂಥರ ತೀರ್ಪು, ಪಕ್ಕದ ಕೋರ್ಟಲ್ಲಿ ಇನ್ನೊಂಥರ."

"ಇದನ್ನ ಬರೆದೋರಿಗೆ ತಲೇಲಿ ಏನು ತುಂಬಿತ್ತು? ಫೋಮಾ?"

"ಅವರು ಜೇಬಲ್ಲಿ ಪೆನ್ನು ಇಟ್ಕೊಂಡು ಓಡಾಡೋರು. ಚಾಕು ಹಿಡಿದು ನೋಡಿರಲ್ಲ."

ತಮ್ಮ ಪಕ್ಕದಲ್ಲಿ ಕೂತು ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಪೂರ್ತಿ ಕೇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದ. "ಸರ್, ನನ್ನ ಚಾಕು ತಪ್ಪೋ ಸರಿಯೋ ಅಂತ ನಾನು ಮನೆಯಿಂದ ಹೊರಡೋ ಮುಂಚೆ ತಿಳ್ಕೊಳ್ಳೋದು ಹೇಗೆ?"

"ತಿಳ್ಕೊಳ್ಳೋಕಾಗಲ್ಲ" ಎಂದರು ವಕೀಲರು. "ಹಿಡಿದ ಮೇಲೇ ಗೊತ್ತಾಗೋದು."

ನನಗೆ ಮೈಯೆಲ್ಲ ಉರಿದುಹೋಯಿತು. ಸ್ಕ್ರೂ ಸಡಿಲ ಮಾಡಿದ್ದು ನಾನು ಎಂದು ಆಗಲೇ ಬಾಯಿಬಿಟ್ಟೆ. ವಕೀಲರು ಬರೆಯುವುದನ್ನು ನಿಲ್ಲಿಸಿದರು. ಆಮೇಲೆ ತುಂಬ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ, ನನಗೆ ಹೇಳಿದರು. ಚಾಕು ಯಾಕೆ ಜೇಬಿನಲ್ಲಿತ್ತು, ಕೆಲಸ ಎಂಥದು ಎಂದು ಹೇಳಲು ನನ್ನನ್ನು ಸಾಕ್ಷಿಯಾಗಿ ಕರೆಯಬೇಕಾಗುತ್ತದೆ. ಸ್ಕ್ರೂ ವಿಷಯ ಯಾರಾದರೂ ಕೇಳಿದರೆ ಸುಳ್ಳು ಹೇಳಬಾರದು. ಕೇಳದಿದ್ದರೆ ನಾನಾಗಿ ಎತ್ತಬಾರದು.

"ಕೇಳಿದ್ದಕ್ಕಷ್ಟೇ ಉತ್ತರ. ನಿಮ್ಮ ಬಾಯಿ ಒಂದು ಹಿಡಿತದಲ್ಲಿ ಇಟ್ಕೊಳ್ಳಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವರ ಲೆಕ್ಕಾಚಾರ ಸರಳವಾಗಿತ್ತು. ಚಾಕು ಐದು ತಿಂಗಳಿಂದ ಠಾಣೆಯಲ್ಲಿ ಬಟ್ಟೆಯ ಚೀಲದೊಳಗೆ ಮೊಹರು ಹಾಕಿಸಿಕೊಂಡು ಬಿದ್ದಿದೆ. ಎಣ್ಣೆ ಒಣಗಿ ಅಂಟಾಗಿರುತ್ತದೆ. ಪೇದೆ ತನ್ನ ಹೇಳಿಕೆಯಲ್ಲಿ ಒಂದೇ ಬೀಸಿಗೆ ತೆರೆಯಿತು ಎಂದು ಬರೆದಿದ್ದಾನೆ. ಅದನ್ನೇ ಮ್ಯಾಜಿಸ್ಟ್ರೇಟರ ಎದುರು ಮಾಡಿ ತೋರಿಸಲಿ. ತೆರೆಯದಿದ್ದರೆ ಕೇಸು ಅಲ್ಲೇ ಬಿದ್ದುಹೋಗುತ್ತದೆ. ನನ್ನ ಬಾಯಿ ಒಂದು ಬಂದೋಬಸ್ತಾಗಿದ್ದರೆ ಸಾಕು.

ಆಮೇಲಿನ ದಿನಗಳಲ್ಲಿ ನಾನು ಬಾಯಿಗೆ ಬೀಗ ಹಾಕುವುದನ್ನು ಅಭ್ಯಾಸ ಮಾಡಿದೆ. ಗಿರಾಕಿಗಳು ಹೆಚ್ಚುಕಮ್ಮಿ ಮಾತಾಡಿದರೂ ಹೂಂ ಎಂದೆ. ಮೈ ಸರಿ ಇಲ್ಲವೇ ಎಂದು ಇಬ್ಬರು ಕೇಳಿದರು.

ವಿಚಾರಣೆ ಬೆಳಿಗ್ಗೆ ಹನ್ನೊಂದಕ್ಕೆ. ತಮ್ಮನ ಹೆಂಡತಿ ಬರುತ್ತೇನೆಂದಳು, ತಮ್ಮ ಬೇಡವೆಂದ. ಮುಗಿದ ತಕ್ಷಣ ಫೋನ್ ಮಾಡಬೇಕು ಎಂದು ಅವಳು ಎರಡೆರಡು ಸಲ ಹೇಳಿ ಕಳಿಸಿದಳು. ಕೋರ್ಟಿನ ಕೋಣೆ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಗೋಡೆಗೆ ತಾಗಿ ಎರಡು ಬೆಂಚು, ಮಧ್ಯೆ ಉದ್ದ ಮೇಜು, ಎದುರಿಗೆ ಎತ್ತರದಲ್ಲಿ ಮ್ಯಾಜಿಸ್ಟ್ರೇಟರ ಕುರ್ಚಿ. ಕುರ್ಚಿಯ ಎಡ ತೋಳಿನ ರೆಕ್ಸಿನ್ ಸೀಳಿ ಒಳಗಿನ ಫೋಮ್ ಇಣುಕುತ್ತಿತ್ತು, ಯಾರೋ ಅಡ್ಡಾದಿಡ್ಡಿ ಪಿನ್ ಹೊಡೆದಿದ್ದರು. ನೋಡಿ ಕೈ ನವೆಯಾಯಿತು. ಮ್ಯಾಜಿಸ್ಟ್ರೇಟರು ನನ್ನದೇ ವಯಸ್ಸಿನ ಹೆಂಗಸು, ಸಣ್ಣ ಮೈಕಟ್ಟು. ಬಂದು ಕೂತವರೇ ಆ ಹರಿದ ಜಾಗದ ಮೇಲೆ ಮೊಣಕೈ ಊರಿದರು.

ಮೊದಲು ಪೇದೆ. ದೊಡ್ಡ ಕೈಗಳ, ಸಾಧು ಮುಖದ ಆಸಾಮಿ. ಬೈದುಕೊಳ್ಳಬೇಕೆಂದು ಹೋಗಿದ್ದ ನನಗೆ ಅವನನ್ನು ಕಂಡು ಬೈಗುಳವೇ ಬರಲಿಲ್ಲ. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಒಪ್ಪಿಸಿದ. ನಮ್ಮ ವಕೀಲರು ಎದ್ದು, ಈಗ ಇಲ್ಲಿಯೇ ತೆರೆದು ತೋರಿಸಲಿ ಎಂದರು. ಮೊಹರು ಒಡೆದು, ಚೀಲದಿಂದ ಚಾಕು ತೆಗೆದು ಪೇದೆಯ ಕೈಗೆ ಕೊಟ್ಟರು.

ಅವನು ಬೀಸಿದ. ಏನೂ ಆಗಲಿಲ್ಲ.

ಎರಡನೆಯ ಸಲ ಬೀಸಿದ. ಇಲ್ಲ. ನನ್ನ ಪಕ್ಕದಲ್ಲಿ ತಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಇರುಕಿಕೊಂಡು, ಚಳಿ ಹಿಡಿದವನ ಹಾಗೆ ನಿಂತಿದ್ದ. ಮೂರನೆಯ ಬೀಸಿಗೆ ಅಲಗು ಒಂದು ಬೆರಳಿನಷ್ಟು ಹೊರಗೆ ಬಂದು ನಿಂತಿತು.

"ತೆರೀತು" ಎಂದರು ಸರ್ಕಾರಿ ವಕೀಲರು.

"ಇಣುಕಿತು ಅಷ್ಟೇ" ಎಂದರು ನಮ್ಮವರು. "ಇಣುಕೋದಕ್ಕೆ ಕಾನೂನಿನಲ್ಲಿ ಶಿಕ್ಷೆ ಇಲ್ಲ ಮೇಡಂ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮ್ಯಾಜಿಸ್ಟ್ರೇಟರು ತಲೆ ಎತ್ತಿದ ಕೂಡಲೇ ನಗು ನಿಂತಿತು. ಮತ್ತೆ ಮಡಚಿ, ಮತ್ತೆ ಬೀಸು ಎಂದರು. ನಾಲ್ಕು. ಐದು. ಪೇದೆಯ ಹಣೆಯಲ್ಲಿ ಬೆವರಿನ ಹನಿ. ಆರನೆಯ ಸಲ ಅವನು ಭುಜದಿಂದಲೇ ಬೀಸಿದ, ಭುಜವಲ್ಲ, ಮಣಿಕಟ್ಟು ಎಂದು ನಮ್ಮ ವಕೀಲರು ತಿದ್ದಿದರು. ಏಳನೆಯ ಸಲವೂ ಅದು ಮುಷ್ಟಿ ಬಿಗಿದ ಹಾಗೆ ಮುಚ್ಚಿಯೇ ಇತ್ತು. ಆ ಚಾಕುವಿನ ಮೇಲೆ ನನಗೆ ಎಂಥ ಪ್ರೀತಿ ಉಕ್ಕಿತು ಎಂದರೆ ಹೇಳತೀರದು.

"ಅವತ್ತು ಒಂದೇ ಸಲಕ್ಕೆ ತೆರೀತು ಮೇಡಂ" ಎಂದ ಪೇದೆ. "ಸುಳ್ಳು ಹೇಳ್ತಿಲ್ಲ."

ಅವನು ಸುಳ್ಳು ಹೇಳುತ್ತಿಲ್ಲವೆಂದು ಆ ಕೋಣೆಯಲ್ಲಿ ನನ್ನಷ್ಟು ಚೆನ್ನಾಗಿ ಗೊತ್ತಿದ್ದವರು ಇನ್ನೊಬ್ಬರಿರಲಿಲ್ಲ. ಮ್ಯಾಜಿಸ್ಟ್ರೇಟರು ಏನೋ ಬರೆದುಕೊಂಡರು. ನಮ್ಮ ವಕೀಲರು ನನ್ನ ಕಡೆ ತಿರುಗಿ ಕಣ್ಣಲ್ಲೇ ಬಾಯಿ ಜೋಪಾನ ಎಂದರು. ನನ್ನ ಸರದಿ ಬಂತು.

ಕಟಕಟೆಯಲ್ಲಿ ನಿಂತೆ. ಬಾಯಿ ನೆಟ್ಟಗಿತ್ತು. ನಮ್ಮ ವಕೀಲರು ಕೇಳಿದ್ದಕ್ಕೆ ಕೆಲಸ ಎಂಥದು, ಎಡಗೈ ಏನು ಮಾಡುತ್ತದೆ, ತೆರೆದ ಚಾಕು ಯಾಕೆ ಇಡುವುದಿಲ್ಲ ಎಂದು ಹೇಳಿದೆ. ಸೋಫಾದ ಗಿರಾಕಿಯ ಕಥೆಗೆ ಮ್ಯಾಜಿಸ್ಟ್ರೇಟರ ತುಟಿಯಂಚು ಅಲುಗಿತು. ಎಲ್ಲ ಸರಿಯಾಗಿ ಹೋಗುತ್ತಿದೆ ಎನ್ನಿಸಿತು.

ಆಮೇಲೆ ಸರ್ಕಾರಿ ವಕೀಲರು ಎದ್ದರು. ಎಳೆ ವಯಸ್ಸು, ಬೀಳುತ್ತಿದ್ದ ಕೇಸನ್ನು ಹೇಗಾದರೂ ಎತ್ತಿ ನಿಲ್ಲಿಸಬೇಕೆಂಬ ಹಟ ಮುಖದಲ್ಲಿ ಕಾಣುತ್ತಿತ್ತು.

"ಅಂಗಡಿಯಿಂದ ತಂದ ಚಾಕುವನ್ನ ಹಾಗೇ ಬಳಸ್ತೀರಾ, ಇಲ್ಲಾ ಏನಾದ್ರೂ ಮಾಡ್ತೀರಾ?"

ಕೇಳಿಯೇಬಿಟ್ಟರು. ನಮ್ಮ ವಕೀಲರು ಮೇಜಿನ ಕಡೆ ನೋಡುತ್ತಿದ್ದರು. "ಸ್ಕ್ರೂ ಕಾಲು ಸುತ್ತು ಸಡಿಲ ಮಾಡ್ತೀನಿ. ಎಣ್ಣೆ ಬಿಡ್ತೀನಿ" ಎಂದೆ.

"ನೀವಾ, ನಿಮ್ಮ ತಮ್ಮನಾ?"

"ನಾನು. ಅವನು ಮುಟ್ಟಲ್ಲ."

"ಬೀಸಿದ್ರೆ ತೆರೀಲಿ ಅಂತ?"

"ಕೈಗೆ ಸಲೀಸಾಗ್ಲಿ ಅಂತ. ಹೊಲಿಗೆ ಮಿಶಿನ್ನಿಗೂ ಎಣ್ಣೆ ಬಿಡ್ತೀನಿ, ಅದು ಯಾರಿಗೂ ಇರಿದಿಲ್ಲ."

ಕೊನೆಯ ಮಾತು ಕೇಳದ್ದಕ್ಕೆ ಉತ್ತರ. ಆದರೂ ಮ್ಯಾಜಿಸ್ಟ್ರೇಟರು ಸಿಡುಕಲಿಲ್ಲ. ಸತ್ಯ ಹೇಳಿ ಬಚಾವಾದೆ ಎಂದುಕೊಂಡೆ.

"ನೀವು ಸಡಿಲ ಮಾಡಿದ್ದು ಇದೇ ಚಾಕು ಅಂತ ಹೇಗೆ ಹೇಳ್ತೀರಿ?" ಎಂದು ಸರ್ಕಾರಿ ವಕೀಲರು ಕೇಳಿದರು. "ಅಂಗಡೀಲಿ ಇಂಥವು ನಾಲ್ಕಾರು ಇರತ್ತಲ್ಲ."

"ಗುರುತಿದೆ. ಅವನದಕ್ಕೆ ಮೂರು ಚುಕ್ಕೆ."

"ನೋಡಿ ಹೇಳಿ."

ಗುಮಾಸ್ತ ಬಂದು ಖಾಲಿ ಚೀಲವನ್ನೂ ಚಾಕುವನ್ನೂ ಕಟಕಟೆಯ ಮೇಲಿಟ್ಟ. ಚೀಲದ ಚೀಟಿಯ ಮೇಲೆ ತಮ್ಮನ ಹೆಸರು ಬರೆದಿತ್ತು, ಅದನ್ನು ಓದಲು ಎಡಗೈಯಲ್ಲಿ ತೆಗೆದುಕೊಂಡೆ. ಬಲಗೈಯಲ್ಲಿ ಚಾಕು ತೆಗೆದುಕೊಂಡೆ. ಚುಕ್ಕೆ ಇರುವುದು ಅಲಗಿನ ಬುಡದಲ್ಲಿ. ಐದು ತಿಂಗಳ ಮೇಲೆ ಆ ಹಿಡಿ ನನ್ನ ಅಂಗೈಗೆ ತಾಗಿದ್ದು ಇನ್ನೂ ನೆನಪಿದೆ, ಸ್ವಲ್ಪ ಅಂಟಂಟಾಗಿತ್ತು.

ಟಕ್.

"ಹೂಂ, ಮೂರು ಚುಕ್ಕೆ" ಎಂದೆ. "ಇವನದೇ."

ಇದೇನು ಎಲ್ಲರೂ ಹೀಗೆ ನೋಡುತ್ತಿದ್ದಾರೆ, ನನ್ನ ಬಾಯಿಂದ ಏನಾದರೂ ಹೆಚ್ಚುಕಮ್ಮಿ ಬಂತೇ ಎಂದು ಆಡಿದ ಮಾತನ್ನೇ ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡೆ. ಮೂರು ಚುಕ್ಕೆ, ಇವನದೇ. ತಪ್ಪೇನಿತ್ತು? ಸರ್ಕಾರಿ ವಕೀಲರ ಬಾಯಿ ಅರ್ಧ ತೆರೆದಿತ್ತು. ಅವರು ಇದನ್ನು ಎಣಿಸಿ ಕೇಳಿದ್ದಲ್ಲ, ಅದು ಮುಖ ನೋಡಿದರೇ ತಿಳಿಯುತ್ತಿತ್ತು. ಪೇದೆ ಮಾತ್ರ ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟ.

"ಅಮ್ಮ" ಎಂದರು ಮ್ಯಾಜಿಸ್ಟ್ರೇಟರು. "ಈಗ ಅದನ್ನ ಹೇಗೆ ತೆರೆದ್ರಿ?"

ನಾನು ಕೈ ನೋಡಿಕೊಂಡೆ. ಎಡಗೈಯಲ್ಲಿ ಚೀಲ. ಬಲಗೈಯಲ್ಲಿ ತೆರೆದ ಚಾಕು. ಮೂವತ್ತಾರು ವರ್ಷ ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಚಾಕು. ಮಡಚಿದ ಚಾಕು ಕೈಗೆ ಬಂದರೆ ಅದು ತೆರೆಯುವುದಕ್ಕೆ ನನ್ನ ಅಪ್ಪಣೆ ಬೇಕಿಲ್ಲ. ಬಾಯಿಗೆ ಕಾವಲು ಹಾಕಿಕೊಂಡು ಬಂದಿದ್ದೆ. ಕೈಯನ್ನು ಯಾರೂ ನೆನೆಸಿಯೂ ಇರಲಿಲ್ಲ.

"ಗೊತ್ತಿಲ್ಲ ಮೇಡಂ" ಎಂದೆ. "ಅದಾಗೇ..." ಎಂದು ಶುರು ಮಾಡಿ ನಾಲಿಗೆ ಕಚ್ಚಿಕೊಂಡೆ. ಅದಾಗೇ ತೆರೆಯಿತು ಎನ್ನುವುದಕ್ಕಿಂತ ಕೆಟ್ಟ ಮಾತು ಆ ಕೋಣೆಯಲ್ಲಿ ಬೇರೆ ಇರಲಿಲ್ಲ. ತೊಡೆಗೆ ಒತ್ತಿ ಮಡಚಿದೆ. ಅದನ್ನೂ ಒಂದೇ ಕೈಯಲ್ಲಿ ಮಾಡಿದೆ ಎಂದು ಆಮೇಲೆ ಹೊಳೆಯಿತು.

ನಮ್ಮ ವಕೀಲರು ಕೈಲಾದದ್ದೆಲ್ಲ ಮಾಡಿದರು. ಮೂವತ್ತಾರು ವರ್ಷ ಪಳಗಿದ ಕೈಗೆ ಸುಲಭವಾದದ್ದು ಜಗತ್ತಿಗೆಲ್ಲ ಸುಲಭವಲ್ಲ ಎಂದರು. ಏಳು ಸಲ ಬೀಸಿ ಸೋತ ಪೇದೆಯೂ ಮನುಷ್ಯನೇ, ಅವನ ಮಣಿಕಟ್ಟೂ ಮಣಿಕಟ್ಟೇ ಎಂದರು. ಹೀಗೆ ನೋಡಿದರೆ ಸರ್ಕಸ್ಸಿನವನ ಕೈಗೆ ಕೊಟ್ಟ ಪ್ರತಿಯೊಂದು ಚಾಕುವೂ ಅಪರಾಧವೇ ಎಂದರು. ನನಗೆ ತಡೆಯಲಾಗಲಿಲ್ಲ. ಕಟಕಟೆಯಿಂದಲೇ ಕೂಗಿದೆ.

"ಮೇಡಂ, ತೆರೆದಿದ್ದು ನಾನು. ಜೇಬಲ್ಲಿ ಇಟ್ಕೊಂಡಿದ್ದು ಅವನು. ನನ್ನ ಕೈಗೆ ಅವನಿಗ್ಯಾಕೆ ಶಿಕ್ಷೆ? ನೀವೇ ತೆರೆದು ನೋಡಿ!"

ವಕೀಲರು ತಲೆ ಮೇಲೆ ಕೈ ಹೊತ್ತರು. ಆದರೆ ಮ್ಯಾಜಿಸ್ಟ್ರೇಟರು ಕೈ ಚಾಚಿ ಚಾಕು ತರಿಸಿಕೊಂಡರು. ಮೂರು ಸಲ ಬೀಸಿದರು. ಅವರ ಸಣ್ಣ ಮಣಿಕಟ್ಟಿಗೆ ಅದು ಮಿಸುಕಲಿಲ್ಲ. ಚಾಕುವನ್ನು ಕಾಗದಗಳ ಮೇಲಿಟ್ಟರು. ಅರ್ಧ ಗಂಟೆ ಬಿಡುವು ಎಂದು ಎದ್ದು ಹೋದರು.

ಆ ಅರ್ಧ ಗಂಟೆ ನಾನು ಬೆಂಚಿನ ಈ ತುದಿ, ತಮ್ಮ ಆ ತುದಿ. ಅವನು ಕಂಕುಳಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ಮೂರು ಸಲ ಅವನ ಜೇಬಿನಲ್ಲಿ ಫೋನು ಗುರುಗುಟ್ಟಿತು. ಅವನು ತೆಗೆಯಲಿಲ್ಲ. ಅವನು ಬೈದಿದ್ದರೆ ತಿರುಗಿಸಿ ಬೈದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮ್ಯಾಜಿಸ್ಟ್ರೇಟರ ಕೈಯಲ್ಲಿ ತೆರೆಯಲಿಲ್ಲವಲ್ಲ, ಅದನ್ನೇ ಹಿಡಿದುಕೊಂಡು ಮನಸ್ಸು ಜೋತಾಡುತ್ತಿತ್ತು. ತೆರೆಯದ್ದು ಹತ್ತು ಸಲ, ತೆರೆದದ್ದು ಒಂದೇ ಸಲ.

ಅವರು ಬಂದು ಕೂತು, ಬರೆದದ್ದನ್ನು ಓದಿದರು. ಈ ಕಲಮು ಯಾರ ಕೈಯನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ ಎಂಬುದು ತನಗೂ ಸ್ಪಷ್ಟವಿಲ್ಲ ಎಂದು ಮೊದಲೇ ಹೇಳಿದರು. ಇದನ್ನು ಬರೆದವರು ತಿದ್ದಬೇಕು, ಓದುವವರು ತಿದ್ದುವಂತಿಲ್ಲ ಎಂದರು. ಆಮೇಲೆ ಕಾಗದ ಕೆಳಗಿಟ್ಟು, ನನ್ನ ಕಡೆ ನೋಡಿ ಬಾಯಿಮಾತಿನಲ್ಲಿ ಹೇಳಿದರು.

"ತೆರೆಯೋದನ್ನ ಕಣ್ಣಾರೆ ಕಂಡಿದೀನಮ್ಮ. ಕಂಡಿಲ್ಲ ಅಂತ ಹೇಗೆ ಬರೀಲಿ?"

ಜೈಲಿಲ್ಲ. ಎಚ್ಚರಿಕೆ ಮತ್ತು ಇದ್ದುದರಲ್ಲೇ ಕಡಿಮೆ ದಂಡ. ಚಾಕು ಮುಟ್ಟುಗೋಲು. ಆದರೆ ಅಪರಾಧ ಸಾಬೀತಾಗಿದೆ ಎಂಬ ಎರಡು ಪದ ದಾಖಲೆಗೆ ಹೋದವು. ಮೇಲಿನ ಕೋರ್ಟಿಗೆ ಹೋಗಬಹುದು, ಗೆಲ್ಲಲೂಬಹುದು ಎಂದರು ವಕೀಲರು, ವರ್ಷ ಎರಡು ವರ್ಷ ಹಿಡಿಯುತ್ತದೆ. ತಿಂಗಳ ಕೊನೆಗೆ ಒಂಬತ್ತು ದಿನ ಬಾಕಿ ಇತ್ತು.

ಆದೇಶದ ಪ್ರತಿಗಾಗಿ ಕಿಟಕಿಯ ಮುಂದೆ ನಿಂತೆವು. ಗುಮಾಸ್ತ ಕೊಟ್ಟ ಹಾಳೆಯನ್ನು ನಾನೇ ಮೊದಲು ಓದಿದೆ. ಸಾಕ್ಷಿಯು, ಆರೋಪಿಯ ಅಕ್ಕ, ಸದರಿ ಚಾಕುವನ್ನು ನ್ಯಾಯಾಲಯದ ಸಮ್ಮುಖದಲ್ಲಿ ಮಣಿಕಟ್ಟಿನ ಬೀಸಿನಿಂದ ಸುಲಭವಾಗಿ ತೆರೆದರು ಎಂದಿತ್ತು. ಅಪ್ಪ ನನಗೆ ಆ ಬೀಸನ್ನು ಕಲಿಸಲು ಎರಡು ವರ್ಷ ತೆಗೆದುಕೊಂಡಿದ್ದರು. ಹೆಬ್ಬೆರಳಿನ ಬುಡದಲ್ಲಿ ಇವತ್ತಿಗೂ ನಾಲ್ಕು ಗಾಯದ ಗೆರೆಗಳಿವೆ.

"ಸುಲಭವಾಗಿ ಅಂತ ಯಾರು ಬರೆದಿದ್ದು?" ಎಂದು ಗುಮಾಸ್ತನ ಮೇಲೆ ಹರಿಹಾಯ್ದೆ. "ನಿನ್ನ ಕೈಲಿ ಆಗತ್ತಾ? ಬಾ, ತೋರ್ಸು ಬಾ!"

ಗುಮಾಸ್ತ ಬೆಪ್ಪಾಗಿ ನೋಡಿದ. ತಮ್ಮ ನನ್ನ ತೋಳು ಹಿಡಿದು ಮೆಟ್ಟಿಲ ಕಡೆ ಎಳೆದುಕೊಂಡು ಹೋದ. ಹೊರಗೆ ಮಧ್ಯಾಹ್ನದ ಬಿಸಿಲು. ಮೆಟ್ಟಿಲ ಮೇಲೆ ಜನ ಫೈಲು ಹಿಡಿದುಕೊಂಡು ಹತ್ತಿ ಇಳಿಯುತ್ತಿದ್ದರು. ನನಗೆ ಅಲ್ಲೇ ಅಳು ಬಂತು. ಅಪ್ಪ ಹೋದಾಗಲೂ ಜನರ ಎದುರು ಅತ್ತವಳಲ್ಲ ನಾನು.

"ನನ್ನ ಕೈ ಕತ್ತರಿಸಿ ಹಾಕಬೇಕು ಕಣೋ" ಎಂದೆ.

"ಸುಮ್ನಿರಕ್ಕ." ಅವನು ರಸ್ತೆ ನೋಡುತ್ತಿದ್ದ. "ಬೆಳಿಗ್ಗೆಯಿಂದ ನಾನ್ಯಾಕೆ ಕಂಕುಳಲ್ಲಿ ಕೈ ಇಟ್ಕೊಂಡಿದ್ದೆ ಹೇಳು? ಎಲ್ಲಿ ನನ್ನ ಕೈಗೆ ಕೊಟ್ಟುಬಿಡ್ತಾರೋ ಅಂತ. ಕೊಟ್ಟಿದ್ರೆ ನಂದೂ ಅದೇ ಗತಿ. ರಾತ್ರಿಯೆಲ್ಲ ಅದೇ ಯೋಚ್ನೆ. ನಿನಗೆ ಹೇಳಬೇಕು ಅಂತ ಹೊಳೀಲೇ ಇಲ್ಲ ನೋಡು."

ಹೇಳಬೇಕೆಂದು ಹೊಳೆಯಲಿಲ್ಲವಂತೆ. ಜೀವಮಾನದಲ್ಲಿ ಅವನು ಬಾಯಿ ತೆರೆಯಬೇಕಾಗಿದ್ದದ್ದು ಅದೊಂದೇ ಸಲ. ಕೋಪ ನೆತ್ತಿಗೇರಿತು, ಅದರ ಹಿಂದೆಯೇ ಇಳಿದೂ ಹೋಯಿತು. ಅವನ ಬಾಯಿ ನಾನೇ ಅಲ್ಲವೇ, ಇಷ್ಟು ವರ್ಷ ಅವನಿಗೆ ಮಾತಾಡಲು ಜಾಗ ಕೊಟ್ಟವರು ಯಾರು?

ಫೋನು ಮತ್ತೆ ಗುರುಗುಟ್ಟಿತು. ಈ ಸಲ ತೆಗೆದ. ನನಗೆ ಬೆನ್ನು ಮಾಡಿ ಎರಡು ಮೆಟ್ಟಿಲು ಕೆಳಗಿಳಿದು ನಿಂತ.

"ಹೂಂ, ಮುಗೀತು... ಇಲ್ಲ ಕಣೇ, ಆಗ್ಲಿಲ್ಲ... ಚಾಕು ತೆರ್ಕೊಳ್ತು... ಇನ್ಯಾರು, ಆ ಪೇದೆ. ಏಳನೇ ಸಲಕ್ಕೆ ತೆರೆದುಬಿಟ್ಟ... ಅಕ್ಕಾನಾ? ಅಕ್ಕ ಚೆನ್ನಾಗಿ ಹೇಳಿದ್ಳು. ಅವಳಿಂದಾನೇ ಜೈಲು ತಪ್ಪಿದ್ದು."

ಕೋರ್ಟಿನಲ್ಲಿ, ಪ್ರಮಾಣ ಮಾಡಿ, ನಮ್ಮಿಬ್ಬರ ಕಡೆಯಿಂದ ಒಂದೇ ಒಂದು ಸುಳ್ಳು ಬಂದಿರಲಿಲ್ಲ. ಮೊದಲ ಸುಳ್ಳನ್ನು ಅವನು ಈಗ ಹೇಳುತ್ತಿದ್ದ, ಹೆಂಡತಿಯ ಹತ್ತಿರ, ನನಗೋಸ್ಕರ. ಒಪ್ಪಿಕೊಂಡು ಸುಮ್ಮನಿದ್ದರೆ ಅದು ನಮ್ಮ ಮನೆಯಲ್ಲಿ ನಿಜವಾಗಿಯೇ ಉಳಿಯುತ್ತಿತ್ತು. ಅವಳು ಪೇದೆಯನ್ನು ಶಪಿಸುತ್ತಿದ್ದಳು, ನನಗೆ ಊಟ ಬಡಿಸುತ್ತಿದ್ದಳು. ಒಂದು ಕ್ಷಣ ಆಸೆಯೂ ಆಯಿತು. ಇಲ್ಲವೆಂದರೆ ಅದೂ ಸುಳ್ಳೇ.

ಎರಡು ಮೆಟ್ಟಿಲು ಇಳಿದು ಅವನ ಕೈಯಿಂದ ಫೋನು ಕಿತ್ತುಕೊಂಡೆ. ಬೇಡಕ್ಕ, ಬೇಡಕ್ಕ ಎಂದು ಅವನು ಹಿಂದೆ ಬಂದ.

"ಅವನು ಸುಳ್ಳು ಹೇಳ್ತಿದಾನೆ" ಎಂದೆ. "ಪೇದೆ ಕೈಲಿ ಆಗ್ಲಿಲ್ಲ. ಯಾರ ಕೈಲೂ ಆಗ್ಲಿಲ್ಲ. ಗೆದ್ದೇಬಿಟ್ಟಿದ್ವಿ. ನನ್ನ ಕೈಗೆ ಕೊಟ್ರು, ನಾನು ತೆರೆದುಬಿಟ್ಟೆ. ಕೇಳಿಸ್ತಾ? ನಾನು."

ಅವಳು ಫೋನು ಇಡಲಿಲ್ಲ. ನಲ್ಲಿಯಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು, ಯಾರೋ ಅದನ್ನು ನಿಲ್ಲಿಸಿದರು, ಆಮೇಲೆ ಅದೂ ಇಲ್ಲ. ಅವಳು ಮಾತಾಡಲಿ ಎಂದು ಫೋನನ್ನು ಕಿವಿಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ನಿಂತೇ ಇದ್ದೆ.